ಹಣೆಗೆ ಕಟ್ಟುವ ದೀಪ

ಬೈಲಹೊಂಗಲದಿಂದ ಸವದತ್ತಿಯ ಕಡೆಗೆ ಇರುಳಿನಲ್ಲಿ ಪಯಣಿಸುವವರಿಗೆ, ರಸ್ತೆಯ ಎರಡೂ ಮಗ್ಗುಲಿನ ಹೊಲಗಳಲ್ಲಿ ಒಂಟಿ ಬೆಳಕುಗಳು ಅತ್ತಿಂದಿತ್ತ ಸುಳಿದಾಡುವುದು ಕಾಣಿಸುತ್ತದೆ. ಹಿಂದಿನ ಕಾಲದವರಾಗಿದ್ದರೆ ಅವನ್ನು ಕೊಳ್ಳಿದೆವ್ವಗಳೆಂದು ಬಗೆದು, ಮನೆದೇವರನ್ನು ನೆನೆಯುತ್ತ ಬೇಗಬೇಗನೆ ಹೆಜ್ಜೆಯಿಡುತ್ತಿದ್ದರೇನೋ! ಅವು ದೆವ್ವಗಳಲ್ಲ, ಪೈರಿಗೆ ನೀರು ಹಾಯಿಸುತ್ತಿರುವ ರೈತರು. ಪಂಪುಗಳಿಗೆ ಬೇಕಾದ ತ್ರೀಫೇಸ್ ವಿದ್ಯುತ್ತು ದಿನಕ್ಕೆ ಸುಮಾರು 7 ತಾಸು, ಅದೂ ಪಾಳಿಯ ಮೇಲೆ ಬರುತ್ತದೆ. ಹಗಲಿನ ಪಾಳಿ ಒಂದು ಊರಿನದಾದರೆ ಇರುಳಿನ ಪಾಳಿ ಮತ್ತೊಂದರದು. ಮೋಟಾರು ಓಡುವಾಗ ಮಲಗಿದರೆ ಒಂದು ಮಡಿಗೆ ನೀರು ತುಂಬಿ ಹರಿದು, ಇನ್ನೊಂದು ಮಡಿ ಒಣಗಿಯೇ ಉಳಿಯುತ್ತದೆ.

ನೀರು ತಿರುಗಿಸುವವನ ಎರಡೂ ಕೈಗಳು ಸಲಿಕೆಯ ಮೇಲಿರುತ್ತವೆ. ಬ್ಯಾಟರಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? (ಈ ಸೀಮೆಯಲ್ಲಿ ಟಾರ್ಚಿಗೆ ಬ್ಯಾಟರಿಯೆಂದೇ ರೂಢಿ.) ಅದನ್ನು ಬಾಯಲ್ಲಿ ಕಚ್ಚಿಯೋ ಕಂಕುಳಲ್ಲಿ ಇರುಕಿಯೋ ಕಾಲ ಕಳೆದವರಿದ್ದರು. ಗಣಿಗಳಲ್ಲಿ ದುಡಿಯುವವರು ದೀಪವನ್ನು ತಲೆಗೆ ಏರಿಸಿ ನೂರು ವರ್ಷಗಳೇ ಕಳೆದಿವೆ. ಆದರೆ ಆ ದೀಪಕ್ಕೆ ಸೊಂಟದಲ್ಲಿ ಭಾರವಾದ ಬ್ಯಾಟರಿಯ ಪೆಟ್ಟಿಗೆಯನ್ನು ಹೊರಬೇಕಾಗುತ್ತಿತ್ತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ ಅಯಾನ್ ಕೋಶ, ಅದೇ ದಶಕದಲ್ಲಿ ಸಿದ್ಧಿಸಿದ ನೀಲಿ ಎಲ್.ಇ.ಡಿ., ಈ ಎರಡೂ ಕೂಡಿ ಆ ಭಾರವನ್ನು ಇಳಿಸಿದವು. ನೀಲಿ ಬೆಳಕಿಗೆ ಹಳದಿ ಹೊಳಪಿನ ಲೇಪ ಸೇರಿದಾಗ ಬಿಳಿಯ ಬೆಳಕಾಯಿತು. ಎಲ್.ಇ.ಡಿ.ಯ ಶೋಧಕರಿಗೆ 2014ರಲ್ಲಿಯೂ, ಲಿಥಿಯಂ ಕೋಶದವರಿಗೆ 2019ರಲ್ಲಿಯೂ ನೋಬೆಲ್ ಪಾರಿತೋಷಕ ದೊರೆಯಿತು. ಆ ಎರಡು ಪಾರಿತೋಷಕಗಳ ಫಲ ಇಂದು ಬೈಲಹೊಂಗಲದ ಪೇಟೆಯಲ್ಲಿ, ರಾಮದುರ್ಗದ ಸಂತೆಯಲ್ಲಿ, ಕೆಲವು ನೂರು ರೂಪಾಯಿಗಳಿಗೆ ತೂಗಾಡುತ್ತಿದೆ.

ತೂಗಾಡುವುದೆಲ್ಲ ಕೊಳ್ಳತಕ್ಕದ್ದಲ್ಲವೆಂಬುದೇ ಇಲ್ಲಿಯ ತೊಡಕು. ಕೊಳ್ಳುವವನ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: “ಎಷ್ಟ ದೂರ ಹೊಡೀತೈತ್ರೀ?” ಅಂಗಡಿಯವನ ಉತ್ತರವೂ ಸಿದ್ಧವಾಗಿರುತ್ತದೆ: “ಗುಡಿ ಕಳಸಕ್ಕ ಮುಟ್ಟತೈತಿ ಕಾಕಾ, ಒಯ್ಯರಿ.” ಕಳಸಕ್ಕೆ ಮುಟ್ಟುವ ಬೆಳಕಿನಿಂದ ಕಳಸ ಕಾಣುತ್ತದೆ, ನಿಜ. ಆದರೆ ನೀರು ಹಾಯಿಸುವವನಿಗೆ ಬೇಕಾದುದು ಕಳಸವಲ್ಲ; ತನ್ನ ಮುಂದಿನ ಎರಡು ಹೆಜ್ಜೆಯ ನೆಲ.

ಆ ನೆಲದ ಮೇಲೆ ಏನಿರುತ್ತದೆಂಬುದನ್ನು ಹಳ್ಳಿಯ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನರು ಹಾವು ಕಚ್ಚಿ ಸತ್ತರೆಂದು 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನವು ಅಂದಾಜು ಮಾಡಿತು. ಎಂದರೆ ವರ್ಷಕ್ಕೆ 58,000. ಸತ್ತವರಲ್ಲಿ ಬಹುತೇಕರು ಹಳ್ಳಿಗರು. ಅರ್ಧದಷ್ಟು ಸಾವುಗಳು ಜೂನ್‌ದಿಂದ ಸೆಪ್ಟೆಂಬರದವರೆಗಿನ ಮಳೆಗಾಲದವು. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿತು. ಕೊಳಕುಮಂಡಲವು ಇರುಳು ಸಂಚಾರಿ. ಮನುಷ್ಯನ ಸಪ್ಪಳಕ್ಕೆ ಓಡಿಹೋಗದೆ ಇದ್ದಲ್ಲಿಯೇ ಬಿದ್ದಿರುವುದು ಅದರ ಸ್ವಭಾವ. ಅದರ ಕಂದು ಮೈ, ಸರಪಳಿಯಂಥ ಚುಕ್ಕೆ, ಕಬ್ಬಿನ ಒಣಗಿದ ರವದಿಯಲ್ಲಿ ಎಷ್ಟು ಸಲೀಸಾಗಿ ಬೆರೆಯುತ್ತವೆಂದರೆ ಹಗಲಿನಲ್ಲಿಯೇ ಕಣ್ಣು ಮೋಸಹೋಗುತ್ತದೆ.

ಹೀಗಿರಲು ಡಬ್ಬಿಯ ಮೇಲಿನ “200 ಮೀಟರ್” ಎಂಬ ಅಕ್ಷರಗಳಿಗೆ ಅರ್ಥವೇನು? ಈ ದೂರವನ್ನು ಅಳೆಯಲು ಜಗತ್ತಿನ ಒಳ್ಳೆಯ ತಯಾರಕರು ಅನುಸರಿಸುವ ಒಂದು ಪದ್ಧತಿಯುಂಟು. ಬೆಳಕು ಕುಂದುತ್ತ ಕುಂದುತ್ತ ಎಲ್ಲಿ ಕಾಲು ಲಕ್ಸ್ ಆಗುವುದೋ ಅಲ್ಲಿಗೆ ಅದರ ದೂರ ಮುಗಿಯಿತು. ಕಾಲು ಲಕ್ಸ್ ಎಂದರೆ ಹೆಚ್ಚುಕಡಿಮೆ ಹುಣ್ಣಿಮೆಯ ಬೆಳದಿಂಗಳು. ಭರತ ಹುಣ್ಣಿಮೆಯ ರಾತ್ರಿ ಎಲ್ಲಮ್ಮನ ಗುಡ್ಡವನ್ನು ಏರುವವರಿಗೆ ಚಂದ್ರನು ಬಿಟ್ಟಿಯಾಗಿ ಸುರಿಯುವ ಬೆಳಕಿನಷ್ಟನ್ನೇ ಆ ದೀಪವು 200 ಮೀಟರಿನಾಚೆ ಕೊಡುತ್ತದೆ! ಆ ಬೆಳಕಿನಲ್ಲಿ ಗೋಡೆ ಕಾಣಬಹುದು, ಎತ್ತು ಕಾಣಬಹುದು. ರವದಿಯ ಮೇಲಿನ ಮಂಡಲ ಕಾಣದು.

ಆದುದರಿಂದ ಕೇಳತಕ್ಕ ಪ್ರಶ್ನೆ “ಎಷ್ಟು ದೂರ?” ಎಂಬುದಲ್ಲ, “ಎಷ್ಟು ಅಗಲ, ಎಷ್ಟು ಹೊತ್ತು?” ಎಂಬುದು. ಈಟಿಯಂತೆ ನೇರವಾಗಿ ಹೋಗುವ ಬೆಳಕಿನ ನಡುವೆ ಕಣ್ಣು ಕೋರೈಸುವ ಒಂದು ಬಿಲ್ಲೆ ಬೀಳುತ್ತದೆ, ಸುತ್ತ ಕಡುಗತ್ತಲು. ಕಂಬಳಿ ಹಾಸಿದಂತೆ ಹರಡುವ ಬೆಳಕೇ ಹೊಲಕ್ಕೆ ಹೇಳಿದ್ದು. ಎರಡನ್ನೂ ಬೇರೆ ಬೇರೆ ಗುಂಡಿಗಳಿಂದ ಕೊಡುವ ದೀಪ ಸಿಕ್ಕರೆ ಇನ್ನೂ ಲೇಸು.

ಹೊತ್ತಿನ ಲೆಕ್ಕವನ್ನು ಯಾರೂ ಮನೆಯಲ್ಲಿ ಕುಳಿತು ಮಾಡಬಹುದು. ಇಂಥ ದೀಪಗಳಲ್ಲಿ ಹೆಚ್ಚಾಗಿ ಇರುವುದು 18650 ಎಂಬ ಕೋಶ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅದರ ಮೇಲೆ 2600 ಮಿಲಿಆಂಪಿಯರ್ ತಾಸು ಎಂದು ಬರೆದಿದ್ದರೆ, 3.7 ವೋಲ್ಟಿನಿಂದ ಗುಣಿಸಿದಾಗ 9.6 ವ್ಯಾಟ್ ತಾಸಿನ ಶಕ್ತಿ. ಸಾಧಾರಣ ಎಲ್.ಇ.ಡಿ. ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ ಬೆಳಕು ಕೊಡುತ್ತದೆ. 100 ಲ್ಯೂಮೆನ್ನಿನಲ್ಲಿ ಉರಿಸಿದರೆ ಸೋರಿಕೆಯನ್ನು ಕಳೆದು 8 ತಾಸು. ಒಂದು ಪಾಳಿ ಸುಖವಾಗಿ ಮುಗಿಯಿತು. 300ರಲ್ಲಿ ಉರಿಸಿದರೆ 3 ತಾಸಿನೊಳಗೆ ಕತ್ತಲು. ಈ ಲೆಕ್ಕವನ್ನು ತಿಳಿದವನಿಗೆ “10,000 ಲ್ಯೂಮೆನ್” ಎಂದು ಬರೆದ ಅಂಗೈಯಗಲದ ದೀಪವನ್ನು ಕಂಡಾಗ ನಗು ಬಾರದೆ ಇರದು. ಅದಕ್ಕೆ 100 ವ್ಯಾಟ್ ಬೇಕು, ಹಣೆಯೇ ಸುಟ್ಟೀತು. ಹಾಗೆಯೇ ಆ ಅಳತೆಯ ಕೋಶದಲ್ಲಿ 3500ಕ್ಕಿಂತ ಬಹಳ ಹೆಚ್ಚು ಹಿಡಿಯುವುದಿಲ್ಲ. 9900 ಎಂದು ಅಚ್ಚು ಹಾಕಿದವನು ಕೋಶವನ್ನಲ್ಲ, ಗಿರಾಕಿಯನ್ನು ಅಳೆದಿದ್ದಾನೆ. ಇನ್ನೊಂದು ಸೂಕ್ಷ್ಮವುಂಟು. ಬೆಳಕು ಮೊದಲಿನ ಹತ್ತರಲ್ಲೊಂದು ಪಾಲಿಗೆ ಇಳಿಯುವವರೆಗಿನ ಸಮಯವನ್ನೆಲ್ಲ ಉರಿಯುವ ಹೊತ್ತಿಗೆ ಸೇರಿಸುವುದು ಒಪ್ಪಿತ ಪದ್ಧತಿ. ಡಬ್ಬಿಯ ಮೇಲೆ 10 ತಾಸು ಎಂದಿದ್ದರೆ ಕೊನೆಯ ಕೆಲವು ತಾಸು ಮಿಣುಕು ಬೆಳಕೇ ಆಗಿರಬಹುದು.

ಬೆಳಕು ಸಾಕಷ್ಟಿದ್ದರೂ ಹಣೆಯ ದೀಪಕ್ಕೆ ಹುಟ್ಟಿನಿಂದ ಬಂದ ಒಂದು ದೋಷವಿದೆ. ಅದನ್ನು ಯಾವ ಡಬ್ಬಿಯೂ ಹೇಳುವುದಿಲ್ಲ. ದೀಪವು ಕಣ್ಣಿನ ಮಗ್ಗುಲಲ್ಲಿಯೇ ಇರುವುದರಿಂದ ಬೆಳಕು ಹೋದ ದಾರಿಯಲ್ಲಿಯೇ ನೋಟವೂ ಹೋಗುತ್ತದೆ. ಹೆಂಟೆಯ ನೆರಳು ಹೆಂಟೆಯ ಹಿಂದೆಯೇ ಅಡಗಿಕೊಳ್ಳುತ್ತದೆ. ನೆರಳಿಲ್ಲದ ನೆಲವು ಬಿಡಿಸಿದ ಚಿತ್ರದಂತೆ ಚಪ್ಪಟೆ. ತಗ್ಗೂ ದಿಬ್ಬವೂ ಒಂದೇ, ಹಗ್ಗವೂ ಹಾವೂ ಒಂದೇ. ಅದೇ ದೀಪವನ್ನು ಸೊಂಟಕ್ಕೆ ಕಟ್ಟಿ ನೋಡಬೇಕು! ಬೆಳಕು ತಗ್ಗಿನಿಂದ ಓರೆಯಾಗಿ ಬಿದ್ದು ಪ್ರತಿಯೊಂದು ಹೆಂಟೆಗೂ ಉದ್ದನೆಯ ನೆರಳು ಮೂಡುತ್ತದೆ. ಸುರುಳಿ ಸುತ್ತಿ ಬಿದ್ದಿರುವುದು ಕೂಡಲೇ ಎದ್ದು ಕಾಣುತ್ತದೆ. ಕಂದೀಲನ್ನು ಮೊಳಕಾಲಿನ ಮಟ್ಟಕ್ಕೆ ಹಿಡಿದು ನಡೆಯುತ್ತಿದ್ದ ಹಿರಿಯರಿಗೆ ಈ ಲಾಭ ತಾನಾಗಿಯೇ ದೊರೆಯುತ್ತಿತ್ತು. ದೀಪದ ಮೇಲೆ ಮುತ್ತುವ ಹುಳುಗಳು ಮೂಗು ಬಾಯಿಗೆ ನುಗ್ಗುವ ಕಾಟವೂ ಸೊಂಟದಲ್ಲಿ ಕಟ್ಟಿದರೆ ಇಲ್ಲ. ಬೆಳಕು ತುಸು ಹಳದಿಯದಾದರೆ ಹುಳುಗಳು ಬರುವುದೇ ಕಡಿಮೆ. ಆದುದರಿಂದ ಪಟ್ಟಿಯು ನಡುಪಟ್ಟಿಯಷ್ಟು ಹಿಗ್ಗುವಂತಿದೆಯೇ, ದೀಪದ ಮುಖವು ಮೇಲೆ ಕೆಳಗೆ ಬಾಗುವುದೇ ಎಂದು ನೋಡಿಯೇ ಕೊಳ್ಳತಕ್ಕುದು. ನಡೆಯುವಾಗ ಸೊಂಟಕ್ಕೆ, ಬಾಗಿ ಮಡಿ ಕಟ್ಟುವಾಗ ಹಣೆಗೆ. ರುಮಾಲಿನ ಮೇಲೆ ಪಟ್ಟಿ ಜಾರುವುದೆಂಬ ದೂರು ಇದ್ದೇ ಇದೆ. ನೆತ್ತಿಯ ಮೇಲೆ ಹಾಯುವ ಎರಡನೆಯ ಪಟ್ಟಿಯಿದ್ದರೆ ಅದಕ್ಕೆ ಪರಿಹಾರ.

ದೀಪವೊಂದೇ ರಕ್ಷೆಯೆಂದು ತಿಳಿಯುವುದು ಮಾತ್ರ ಹುಚ್ಚು. ಮೊಳಕಾಲುದ್ದದ ರಬ್ಬರ್ ಬೂಟೂ ಮುಂದೆ ನೆಲ ಬಡಿಯುವ ಕೋಲೂ ಇರಲೇಬೇಕು. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಮಂತ್ರ ಹಾಕಿಸುವುದು ಇವುಗಳಲ್ಲಿ ಹೊತ್ತು ಕಳೆಯದೆ, ಕಚ್ಚಿದ ಅಂಗವನ್ನು ಅಲುಗಿಸದೆ ಸರಕಾರಿ ಆಸ್ಪತ್ರೆಗೆ ಸಾಗಿಸಬೇಕು.

ಯಾತ್ರಿಕರ ಅವಶ್ಯಕತೆ ಬೇರೆ. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಚಕ್ಕಡಿ ಕಟ್ಟಿಕೊಂಡು, ಕಾಲ್ನಡಿಗೆಯಲ್ಲಿ, ಗುಂಪುಗುಂಪಾಗಿ ಸವದತ್ತಿಗೆ ಬರುವವರಿಗೆ ಹೋಗುವಾಗ ಚಂದ್ರನ ನೆರವಿರುತ್ತದೆ. ಹುಣ್ಣಿಮೆ ಮುಗಿಸಿ ಮರಳುವಾಗ ಅವನು ದಿನಕ್ಕೆ ಮುಕ್ಕಾಲು ತಾಸಿನಂತೆ ತಡಮಾಡುತ್ತಾನೆ. ಡಾಂಬರು ರಸ್ತೆಯಲ್ಲಿ ಇವರಿಗೆ ಹಾವಿಗಿಂತ ಲಾರಿಯ ಭಯ ಹೆಚ್ಚು. ತಾವು ಕಾಣುವುದಕ್ಕಿಂತ ತಮ್ಮನ್ನು ಇತರರು ಕಾಣುವುದು ಮುಖ್ಯ. ತಲೆಯ ಹಿಂಬದಿಯಲ್ಲಿ ಕೆಂಪು ದೀಪ ಮಿಣುಕುವ ಮಾದರಿಗಳನ್ನು ಇಂಥವರು ಆರಿಸಿಕೊಳ್ಳಬೇಕು; ಚಕ್ಕಡಿಯ ಹಿಂದೆಯೂ ಒಂದನ್ನು ಕಟ್ಟಬಹುದು. ಜೊತೆಗಾರರೊಡನೆ ಮಾತಾಡಲು ತಿರುಗಿದಾಗ ಬೆಳಕು ಅವರ ಕಣ್ಣಿಗೇ ಹೊಡೆಯುತ್ತದೆ. ಕತ್ತಲಿಗೆ ಒಗ್ಗಲು ಕಣ್ಣಿಗೆ ಅರ್ಧ ತಾಸು ಬೇಕು. ಆ ಒಗ್ಗಿಕೆ ಒಂದು ಕ್ಷಣದಲ್ಲಿ ಹಾಳಾಗುತ್ತದೆ. ಮಂದವಾದ ಕೆಂಪು ಬೆಳಕು ಅದನ್ನು ಅಷ್ಟಾಗಿ ಕೆಡಿಸದು.

ಕಿತ್ತೂರಿನ ಕಡೆ ಮಳೆ ಹೆಚ್ಚು, ರಾಮದುರ್ಗದ ಕಡೆ ಕಡಿಮೆ. ಡಬ್ಬಿಯ ಮೇಲೆ ಐ.ಪಿ.ಎಕ್ಸ್. 4 ಎಂದಿದ್ದರೆ ದೀಪವು ಎರಚಲನ್ನು ತಾಳುತ್ತದೆ; 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ತಾಸು ಮುಳುಗಿದರೂ ಕೆಡದು. ಕಾಲುವೆಯಲ್ಲಿ ಕೈಜಾರಿ ಬೀಳುವ ದೀಪಕ್ಕೆ ಎರಡನೆಯದೇ ಸರಿ. ಇನ್ನು ರಾಮದುರ್ಗ, ಸುರೇಬಾನಗಳ ನೇಕಾರನಿಗೆ ಮಳೆಯ ಚಿಂತೆಯಿಲ್ಲ. ಕರೆಂಟು ಹೋದಾಗ ಹರಿದ ಎಳೆಯನ್ನು ಕೂಡಿಸಲು 20-30 ಲ್ಯೂಮೆನ್ ಸಾಕು. ಆದರೆ ಕೆಂಪೂ ಕುಂಕುಮಗೆಂಪೂ ಬೇರೆಯಾಗಿ ತೋರುವ ಬೆಳಕು ಬೇಕು. ಅಗ್ಗದ ನೀಲಿಬಿಳಿ ದೀಪದಡಿ ಬಣ್ಣಗಳು ಸುಳ್ಳಾಡುತ್ತವೆ. ಅವನು ಅಂಗಡಿಗೆ ಹೋಗುವಾಗ ಎರಡು ಬಣ್ಣದ ಎಳೆಗಳನ್ನು ಜೇಬಿನಲ್ಲಿ ಒಯ್ಯುವುದೊಳಿತು.

ಕೋಶದ ಮೇಲೆ ಐ.ಎಸ್. 16046 ಎಂಬ ಭಾರತೀಯ ಮಾನಕದ ಗುರುತನ್ನು ಹುಡುಕಬೇಕು. ಅದನ್ನು ತೆಗೆದು ಬೇರೆ ಹಾಕಲು ಬರುವಂತಿದ್ದರೆ ದೀಪವು ಹೆಚ್ಚು ವರ್ಷ ಬಾಳುತ್ತದೆ. ಬಳಸದ ತಿಂಗಳುಗಳಲ್ಲಿ ಅರ್ಧ ತುಂಬಿಸಿಡಬೇಕು, ಬಿಸಿಲಿನಲ್ಲಿ ಇಡಬಾರದು, ಉಬ್ಬಿದ ಕೋಶವನ್ನು ಮತ್ತೆ ತುಂಬಲೇಬಾರದು. ಬೈಲಹೊಂಗಲದ ಸುತ್ತ ಸುಗ್ಗಿಯಲ್ಲಿ ಪಡಸಾಲೆಯ ತುಂಬ ಹತ್ತಿಯ ರಾಶಿ ಬಿದ್ದಿರುತ್ತದೆ. ಅದರ ಮಗ್ಗುಲಲ್ಲಿ ದೀಪವನ್ನು ಚಾರ್ಜಿಗೆ ಹಾಕಿ ಮಲಗುವುದು ಬೆಂಕಿಯನ್ನು ಕರೆದು ಮಣೆ ಹಾಕಿದಂತೆ. ಹಳೆಯ ಮನೆಗಳಲ್ಲಿ ಚಿಮಣಿ ಇಡಲೆಂದು ಕಲ್ಲಿನ ಗೋಡೆಯಲ್ಲಿ ಬಿಟ್ಟ ಗೂಡುಗಳು ಈಗ ಬರಿದಾಗಿವೆ. ಆ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿಯವರೆಗೆ ಒಂದು ವೈರು ಎಳೆದರಾಯಿತು.