ಮೆಲುದನಿ ಕಡೇ ಬೆಂಚಿಗೂ ಮುಟ್ಟಲಿ

ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಧ್ವನಿಮುದ್ರಿಕೆ ಕೇಳಿದವರು ಬೆರಗಾಗುತ್ತಾರೆ. ಅಷ್ಟು ತೆಳ್ಳನೆಯ, ಎಳೆಯ ದನಿ! ಅದು ಗಡಸಾದದ್ದು ಗಂಟಲಿನ ಚಿಕಿತ್ಸೆಯ ನಂತರ. ದನಿ ಬದಲಾದರೂ ಹಾಡಿಗೆ ಆಧಾರ ತಾಲೀಮೇ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಗುರು ಸವಾಯಿ ಗಂಧರ್ವರ ಮುಂದೆ ಅವರು ಕಲಿತದ್ದು, ಒಂದೇ ಸ್ವರಗುಚ್ಛವನ್ನು ಸ್ವಚ್ಛವಾಗುವವರೆಗೆ ತಿದ್ದುವುದನ್ನು. ಗುರುವಿನ ಕಂಠವೂ ಸುಲಭಕ್ಕೆ ಒಲಿದದ್ದಲ್ಲ. ತಮ್ಮ ಗುರು ಅಬ್ದುಲ್ ಕರೀಂ ಖಾನರ ಕಠಿಣ ತಾಲೀಮಿನಲ್ಲಿ ಪಳಗಿದ್ದು.

ಮಾತಿಗೂ ಬೇಕಾದದ್ದು ಇಂಥ ತಾಲೀಮೇ.

ಧಾರವಾಡದ ಕ್ಲಾಸಿನಲ್ಲಿ ‘ಸ್ವಲ್ಪ ಜೋರಾಗಿ ಹೇಳವಾ’ ಎಂದರೆ ಮೆಲುದನಿಯ ಹುಡುಗಿ ಕೂಗಲು ನೋಡುತ್ತಾಳೆ. ಗಂಟಲು ಬಿಗಿಯುತ್ತದೆ, ದನಿ ಕೀರಲಾಗುತ್ತದೆ. ದನಿಗೆ ಬಲ ಕೊಡುವುದು ಶ್ವಾಸಕೋಶದ ಗಾಳಿ. ಅದು ಧ್ವನಿತಂತುಗಳು ಕಂಪಿಸುವಂತೆ ಮಾಡುತ್ತದೆ. ಗಂಟಲು, ಬಾಯಿ ಆ ಕಂಪನವನ್ನು ತುಂಬಿಕೊಂಡು ಮೊಳಗಿಸುತ್ತವೆ. ಹಲ್ಲು ಕಚ್ಚಿ ಮಾತಾಡಿದರೆ ಮೊಳಗಲು ಜಾಗವೇ ಇರುವುದಿಲ್ಲ. ಹೊಟ್ಟೆ, ಪಕ್ಕೆ ಅರಳುವಂತೆ ಉಸಿರೆಳೆದು, ದವಡೆ ಸಡಿಲಬಿಟ್ಟು, ನಿಧಾನವಾಗಿ ನುಡಿದರೆ ಅರ್ಧ ಕೆಲಸ ಆದಂತೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ‘ನಾಳೆ ಪರೀಕ್ಷೆಗೆ ಬರತೇನಿ’, ‘ನಾಳೆ ಪರೀಕ್ಷೆಗೆ ಬರೂದಿಲ್ಲ’: ಉಸಿರು ತೀರಿ ಕೊನೆಯ ಪದ ನುಂಗಿಹೋದರೆ ಹೌದೋ ಅಲ್ಲವೋ ಕೇಳಿದವರಿಗೆ ತಿಳಿಯದು. ಹಾಗಾಗಿ ಕೊನೆಯ ಪದಕ್ಕೆಂದೇ ಉಸಿರು ಉಳಿಸಿಕೊಳ್ಳಬೇಕು.

ಅಭ್ಯಾಸಕ್ಕೆ ಪಡಸಾಲೆ ಸಾಕು. ಒಬ್ಬರು ಈ ತುದಿಯಿಂದ ಪತ್ರಿಕೆ ಓದಲಿ, ಆ ತುದಿಯವರು ಕೇಳಿದ್ದನ್ನು ತಿರುಗಿ ಹೇಳಲಿ. ನೀರು ಕುಡಿಯುತ್ತಿರಬೇಕು, ನೋವಾದರೆ ನಿಲ್ಲಿಸಬೇಕು. ದನಿ ಗೊಗ್ಗರಾಗಿ ಮೂರು ವಾರ ಕಳೆದರೂ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಲೇಬೇಕು.