ಲಿವರ್ ಗಟ್ಟಿಯಾದವರಿಗೆ ರಕ್ತವಾಂತಿ ಏಕೆ? ತಡೆಯುವ ಬಗೆ ಏನು?

"ನಮ್ಮ ರೋಗಿಗೆ ಬಿ.ಪಿ. ಇಲ್ಲ. ಆದರೂ ಬಿ.ಪಿ. ಗುಳಿಗೆ ಏಕೆ ಬರೆದಿದ್ದಾರೆ?" ಲಿವರ್ ಸಿರೋಸಿಸ್ ಆದವರ ಮನೆಯವರು ಔಷಧಿ ಚೀಟಿ ಹಿಡಿದು ಕೇಳುವ ಪ್ರಶ್ನೆ ಇದು. ಕೇಳುವುದು ಒಳ್ಳೆಯದೇ. ಕೆಲವರು ಕೇಳುವುದೂ ಇಲ್ಲ; ಊರಿಗೆ ಹೋದ ಮೇಲೆ ಆ ಗುಳಿಗೆಯೊಂದನ್ನು ಬಿಟ್ಟು ಉಳಿದವನ್ನು ಕೊಡುತ್ತಾರೆ. ನಿಜವಾಗಿ ಬಿಡಬಾರದ ಗುಳಿಗೆ ಅದೇ. ಕಾರಣ ತಿಳಿಯಬೇಕಾದರೆ ಹೊಟ್ಟೆಯೊಳಗೆ ರಕ್ತ ಹರಿಯುವ ದಾರಿಯನ್ನು ಸ್ವಲ್ಪ ನೋಡೋಣ.

ಉಂಡ ಅನ್ನದ ಸಾರವನ್ನು ಹೀರಿಕೊಂಡ ರಕ್ತ ಜಠರ, ಕರುಳು, ಗುಲ್ಮಗಳಿಂದ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಅದು ಪೋರ್ಟಲ್ ಎಂಬ ದೊಡ್ಡ ರಕ್ತನಾಳದಲ್ಲಿ ಕೂಡಿ ಮೊದಲು ಲಿವರಿಗೆ ಬರುತ್ತದೆ. ಲಿವರ್ ಮೆತ್ತಗಿದ್ದರೆ ಆ ರಕ್ತ ಸಲೀಸಾಗಿ ಹರಿದು ಮುಂದೆ ಸಾಗುತ್ತದೆ. ವರ್ಷಗಟ್ಟಲೆ ಮದ್ಯ ಸೇವಿಸುವುದರಿಂದ, ಹೆಪಟೈಟಿಸ್ ಬಿ ಅಥವಾ ಸಿ ಸೋಂಕಿನಿಂದ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಕಾರಣ ಕೊಬ್ಬು ತುಂಬುವುದರಿಂದ ಲಿವರ್ ಗಾಯದ ಕಲೆಯಂತೆ ಗಟ್ಟಿಯಾಗಿ ಗಂಟುಗಂಟಾಗುತ್ತದೆ. ಇದೇ ಸಿರೋಸಿಸ್. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಿತು, ಕುಡಿತ ನಿಲ್ಲಲಿಲ್ಲ. ಹಾಗೆಂದು ಸಿರೋಸಿಸ್ ಬಂದವರೆಲ್ಲ ಕುಡುಕರಲ್ಲ. ಹನಿ ಮದ್ಯ ಮುಟ್ಟದ ತಾಯಂದಿರಿಗೂ ಬರುತ್ತದೆ. ಅವರನ್ನು ಸಂಶಯದಿಂದ ನೋಡಬೇಡಿ.

ಮುಂದಿನದನ್ನು ಗಂಗಾವತಿ ಭಾಗದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಉಪಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಹಿಂದಕ್ಕೆ ಒತ್ತಿ, ಸಣ್ಣ ಬದುಗಳನ್ನು ಒಡೆದು ಬೇರೆ ದಾರಿ ಹುಡುಕುತ್ತದೆ. ಹಾಗೆಯೇ ಗಟ್ಟಿಯಾದ ಲಿವರಿನಲ್ಲಿ ಹಾದುಹೋಗಲಾರದ ರಕ್ತ ಹಿಂದಕ್ಕೆ ಒತ್ತುತ್ತದೆ. ಗುಲ್ಮ ದೊಡ್ಡದಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಅನ್ನನಾಳದ ಒಳಗೋಡೆಯ ಸಣ್ಣ ರಕ್ತನಾಳಗಳು ಉಬ್ಬುತ್ತವೆ. ತೆಳ್ಳಗಿನ ಗೋಡೆಯ ಈ ನಾಳ ಒಂದು ದಿನ ಒಡೆದರೆ ರಕ್ತವಾಂತಿ. ಮುಂಚೆ ನೋವು ಇರುವುದಿಲ್ಲ, ಸುಳಿವು ಇರುವುದಿಲ್ಲ.

ಲಿವರಿನ ಎರಡು ಬದಿಗಳ ನಡುವೆ ಒತ್ತಡದ ವ್ಯತ್ಯಾಸ ಆರೋಗ್ಯವಂತರಲ್ಲಿ ಪಾದರಸದ 5 ಮಿಲಿಮೀಟರ್ ಒಳಗೆ ಇರುತ್ತದೆ. ಅದು 10 ಮುಟ್ಟಿದರೆ ತೊಂದರೆಗಳು ಶುರುವಾಗುವ ಸಾಧ್ಯತೆ ಹೆಚ್ಚು. 12 ದಾಟಿದರೆ ನಾಳ ಒಡೆಯುವ ಭಯವಿದೆ. ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿ.ಪಿ.ಯಲ್ಲಿ ಇದು ಕಾಣುವುದಿಲ್ಲ. ತೋಳಿನ ಬಿ.ಪಿ. ಕಡಿಮೆ ಇದ್ದವರಲ್ಲೂ ಒಳಗಿನ ಈ ಒತ್ತಡ ಏರಿರಬಹುದು. ಆ ಗುಳಿಗೆ ಬರೆದಿರುವುದು ಈ ಒಳಗಿನ ಒತ್ತಡಕ್ಕೆ.

ಈ ಉಪಾಯ ಹೊಳೆದದ್ದು ಫ್ರಾನ್ಸಿನ ವೈದ್ಯ ಡಿಡಿಯರ್ ಲೆಬ್ರೆಕ್ ಮತ್ತು ಸಂಗಡಿಗರಿಗೆ. ಹೃದಯದ ಬಡಿತ ತಗ್ಗಿಸುವ ಪ್ರೊಪ್ರನೊಲೋಲ್ ಗುಳಿಗೆಯನ್ನು ಅವರು ಸಿರೋಸಿಸ್ ರೋಗಿಗಳಿಗೆ ಕೊಟ್ಟು ನೋಡಿದರು. ಅದು ಹೃದಯದ ವೇಗ ಇಳಿಸಿ, ಕರುಳಿನ ರಕ್ತನಾಳಗಳನ್ನು ತುಸು ಕಿರಿದು ಮಾಡಿ, ಪೋರ್ಟಲ್ ನಾಳಕ್ಕೆ ಬರುವ ರಕ್ತವನ್ನೇ ಕಡಿಮೆ ಮಾಡುತ್ತದೆ. 1981ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಮ್ಮೆ ರಕ್ತಸ್ರಾವವಾಗಿದ್ದ 74 ಜನರಿದ್ದರು. ಒಂದು ವರ್ಷದ ಬಳಿಕ ಗುಳಿಗೆ ತೆಗೆದುಕೊಂಡವರಲ್ಲಿ ನೂರಕ್ಕೆ 96 ಜನ ಮತ್ತೆ ರಕ್ತಸ್ರಾವವಿಲ್ಲದೆ ಇದ್ದರು. ಹುಸಿಗುಳಿಗೆ ಪಡೆದವರಲ್ಲಿ ಅರ್ಧದಷ್ಟು ಮಾತ್ರ. ಮುಂದಿನ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಲಾಭ ಕಾಣಲಿಲ್ಲ, ಆದರೂ ಲಾಭ ಇದ್ದೇ ಇತ್ತು.

2019ರಲ್ಲಿ ಸ್ಪೇನಿನಿಂದ ಬಂದ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒತ್ತಡ ಏರಿದ್ದರೂ ಹೊಟ್ಟೆಯಲ್ಲಿ ನೀರು, ರಕ್ತವಾಂತಿ ಯಾವುದೂ ಇನ್ನೂ ಬಾರದ 201 ಜನರ ಮೇಲೆ ನಡೆಸಿದ ಅಧ್ಯಯನ ಅದು. ಇದೇ ಜಾತಿಯ ಗುಳಿಗೆ ಪಡೆದ 100 ಜನರಲ್ಲಿ 16 ಮಂದಿಗೆ ರೋಗ ಉಲ್ಬಣಿಸಿತು ಅಥವಾ ಸಾವು ಬಂದಿತು; ಹುಸಿಗುಳಿಗೆ ಪಡೆದ 101 ಜನರಲ್ಲಿ 27 ಮಂದಿಗೆ. ಹೊಟ್ಟೆಯಲ್ಲಿ ನೀರು ತುಂಬುವುದು ಮುಖ್ಯವಾಗಿ ತಗ್ಗಿತು. ಈಗ ಹಲವರಿಗೆ ಪ್ರೊಪ್ರನೊಲೋಲ್ ಬದಲು ಕಾರ್ವೆಡಿಲೋಲ್ ಬರೆಯುತ್ತಾರೆ. ಇವನ್ನು ನೀವಾಗಿಯೇ ತಟ್ಟನೆ ನಿಲ್ಲಿಸಬಾರದು. ದಮ್ಮು ಇರುವವರು ವೈದ್ಯರಿಗೆ ಮೊದಲೇ ಹೇಳಬೇಕು. ತಲೆ ಸುತ್ತಿ ಬಂದರೆ, ತೋಳಿನ ಬಿ.ಪಿ. 90ರ ಕೆಳಗೆ ಇಳಿದರೆ, ಮೂತ್ರ ಕಡಿಮೆಯಾದರೆ ಅಂದೇ ಬಂದು ತೋರಿಸಿ, ಪ್ರಮಾಣ ಬದಲಿಸಬೇಕಾಗಬಹುದು.

ಗುಳಿಗೆಯ ಜೊತೆಗೆ ಇನ್ನೊಂದು ಉಪಾಯ ರಬ್ಬರ್ ಬ್ಯಾಂಡು. ಎಂಡೋಸ್ಕೋಪಿ ಕೊಳವೆಯನ್ನು ಬಾಯಿಯಿಂದ ಇಳಿಸಿ, ಉಬ್ಬಿದ ನಾಳಕ್ಕೆ ಸಣ್ಣ ರಬ್ಬರ್ ಬಳೆ ತೊಡಿಸುತ್ತಾರೆ; ಅದು ಕೆಲವು ದಿನಗಳಲ್ಲಿ ಒಣಗಿ ಉದುರುತ್ತದೆ. ಈ ವಿಷಯದಲ್ಲಿ ನಮ್ಮ ದೇಶದ ಕೆಲಸ ಜಗತ್ತು ಗಮನಿಸುವಂಥದ್ದು. ದೆಹಲಿಯ ಜಿ.ಬಿ. ಪಂತ್ ಆಸ್ಪತ್ರೆಯಲ್ಲಿ ಡಾ. ಶಿವಕುಮಾರ್ ಸರಿನ್ ಮತ್ತು ಸಂಗಡಿಗರು ನಾಳಗಳು ದೊಡ್ಡದಾಗಿ ಉಬ್ಬಿದ್ದರೂ ಒಮ್ಮೆಯೂ ರಕ್ತಸ್ರಾವವಾಗದ 89 ಜನರನ್ನು ಎರಡು ಗುಂಪು ಮಾಡಿ ನೋಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, 18 ತಿಂಗಳಲ್ಲಿ ರಕ್ತಸ್ರಾವದ ಸಾಧ್ಯತೆ ಪ್ರೊಪ್ರನೊಲೋಲ್ ಪಡೆದವರಲ್ಲಿ ನೂರಕ್ಕೆ 43, ಬ್ಯಾಂಡು ಹಾಕಿಸಿಕೊಂಡವರಲ್ಲಿ 15. ಸಾವಿನ ಸಂಖ್ಯೆಯಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಯಾರಿಗೆ ಗುಳಿಗೆ, ಯಾರಿಗೆ ಬ್ಯಾಂಡು, ಯಾರಿಗೆ ಎರಡೂ ಎಂಬುದನ್ನು ವೈದ್ಯರು ರೋಗಿಯನ್ನು ನೋಡಿ ತೀರ್ಮಾನಿಸುತ್ತಾರೆ. ಬ್ಯಾಂಡು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಕೆಲವು ವಾರಗಳಿಗೊಮ್ಮೆ ಬರಬೇಕಾಗುತ್ತದೆ, ನಾಳಗಳು ಮಾಯವಾದ ಮೇಲೂ ಮತ್ತೆ ಪರೀಕ್ಷೆ ಬೇಕು. ಸುಗ್ಗಿ ಬಂತು, ನಾಟಿ ಬಂತು ಎಂದು ತಾರೀಖು ತಪ್ಪಿಸುವವರು ಬಹಳ. ಬ್ಯಾಂಡು ಹಾಕಿದ ಮೊದಲ ದಿನಗಳಲ್ಲಿ ಕಟಕ ರೊಟ್ಟಿ ಬೇಡ. ಆರಿದ ನುಚ್ಚು ಮಜ್ಜಿಗೆ, ಮೆತ್ತನೆಯ ಅನ್ನ ಸಾಕು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಆಗ ಉಳಿದ ಗೇಟುಗಳನ್ನು ತೆರೆದು ಮೊದಲು ಒತ್ತಡ ಇಳಿಸಿದರು, ಆಮೇಲೆ ಬಾಯಿ ಮುಚ್ಚಿದರು. ರಕ್ತವಾಂತಿ ಆದಾಗಲೂ ಹೀಗೆಯೇ. ಒತ್ತಡ ಇಳಿಸುವ ಇಂಜೆಕ್ಷನ್ ಮತ್ತು ಸೋಂಕು ತಡೆಯುವ ಆ್ಯಂಟಿಬಯೋಟಿಕ್ ಬೇಗ ಶುರುವಾಗಬೇಕು, ನಂತರ ಎಂಡೋಸ್ಕೋಪಿ. ಪ್ಯಾರಿಸ್ಸಿನ ಒಂದು ಆಸ್ಪತ್ರೆಯ ಲೆಕ್ಕ ಹೀಗಿದೆ: 1980ರಲ್ಲಿ ಇಂಥ ರಕ್ತಸ್ರಾವದಿಂದ ದಾಖಲಾದ ನೂರು ಜನರಲ್ಲಿ 43 ಮಂದಿ ತೀರಿಕೊಳ್ಳುತ್ತಿದ್ದರು, 2000ದಲ್ಲಿ ಸುಮಾರು 15 ಮಂದಿ.

ಇಲ್ಲಿ ಮನೆಯವರಿಗೆ ಒಂದು ಮಾತು. "ಇಷ್ಟು ರಕ್ತ ಹೋಗಿದೆ, ಇನ್ನೂ ಎರಡು ಬಾಟಲಿ ಹಾಕಿ" ಎಂದು ಒತ್ತಾಯಿಸಬೇಡಿ. 2013ರಲ್ಲಿ ಬಾರ್ಸಿಲೋನಾದಿಂದ ಬಂದ, 921 ರೋಗಿಗಳ ಅಧ್ಯಯನದಲ್ಲಿ ಹಿಮೋಗ್ಲೋಬಿನ್ 7ಕ್ಕಿಂತ ಕೆಳಗೆ ಇಳಿದಾಗ ಮಾತ್ರ ರಕ್ತ ಕೊಟ್ಟವರಲ್ಲಿ ನೂರಕ್ಕೆ 95 ಜನ ಆರು ವಾರ ದಾಟಿದರು. 9ಕ್ಕೇ ಕೊಡಲು ಆರಂಭಿಸಿದವರಲ್ಲಿ 91. ಹೆಚ್ಚು ರಕ್ತ ಏರಿಸಿದರೆ ಪೋರ್ಟಲ್ ಒತ್ತಡವೂ ಏರಿ, ನಿಂತ ಜಾಗ ಮತ್ತೆ ಒಡೆಯಬಹುದು. ಕಡಿಮೆ ಕೊಡುವುದು ಜಿಪುಣತನವಲ್ಲ.

ಪಥ್ಯದ ಹೆಸರಿನಲ್ಲಿ ಬೇಳೆ, ಹಾಲು ಎಲ್ಲ ಬಿಡಿಸಿ ಬರೀ ಗಂಜಿ ಕುಡಿಸುವ ರೂಢಿ ನಮ್ಮಲ್ಲಿದೆ. ಅದು ರೋಗಿಯ ಮಾಂಸಖಂಡ ಕರಗಿಸುತ್ತದೆ. ಬೇಳೆ, ಹೆಸರುಕಾಳು, ಹಾಲು, ಮೊಸರು ಬೇಕು. ಮಲಗುವ ಮುಂಚೆ ಒಂದಿಷ್ಟು ತಿನ್ನುವುದೂ ಒಳ್ಳೆಯದು. ಕಡಿಮೆ ಮಾಡಬೇಕಾದದ್ದು ಉಪ್ಪು. ಹೊಟ್ಟೆಯಲ್ಲಿ ನೀರು ಇದ್ದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂತೆಯ ಮಿರ್ಚಿ ದೂರವಿರಲಿ. ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್‌ನಂಥ ಗುಳಿಗೆ ತಂದು ನುಂಗಬಾರದು. ಮೂತ್ರಪಿಂಡ ಕೆಡುತ್ತದೆ, ರಕ್ತಸ್ರಾವವೂ ಆಗಬಹುದು. ಮದ್ಯ ಪೂರ್ತಿ ಬಿಟ್ಟವರಲ್ಲಿ ಒಳಗಿನ ಒತ್ತಡ ತಾನಾಗಿ ಇಳಿಯುವುದುಂಟು. ಹೆಪಟೈಟಿಸ್ ಬಿ, ಸಿ ಇದ್ದರೆ 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಉಚಿತ ಔಷಧಿ ಸಿಗುತ್ತದೆ.

ಯಲಬುರ್ಗಾ, ಕುಷ್ಟಗಿಯ ಹಳ್ಳಿಗಳಿಂದ ಹುಬ್ಬಳ್ಳಿಗೆ ಹೋಗುವುದು ಗಂಟೆಗಟ್ಟಲೆಯ ದಾರಿ. ಆದ್ದರಿಂದ ರಕ್ತವಾಂತಿಯಾದರೆ, ಡಾಂಬರಿನಂತೆ ಕಪ್ಪು ಮಲ ಹೋದರೆ, ರೋಗಿ ಹಗಲು ತೂಕಡಿಸಿ ಮಾತು ತೊದಲಿದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಮೊದಲು ಮುಟ್ಟಿಸಿ. ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರೂ ಹಾಕಬೇಡಿ. ಹಳೆಯ ಎಂಡೋಸ್ಕೋಪಿ ವರದಿ ಮತ್ತು ಗುಳಿಗೆ ಚೀಟಿಯನ್ನು ಒಂದು ಚೀಲದಲ್ಲಿಟ್ಟು ಬಾಗಿಲ ಬಳಿ ತೂಗುಹಾಕಿರಿ. ಆ ಗಡಿಬಿಡಿಯಲ್ಲಿ ಹುಡುಕಲು ಆಗುವುದಿಲ್ಲ.