ಹಾಲಿನ ಸಕ್ಕರೆ ಮತ್ತು ಕರುಳಿನ ಬ್ಯಾಕ್ಟೀರಿಯಾ

ಹಾಲು ಕುಡಿದ ಒಂದೆರಡು ಗಂಟೆಗಳಲ್ಲಿ ಹೊಟ್ಟೆಯುಬ್ಬರ, ಗುಡುಗುಡು ಸದ್ದು, ಕೆಲವೊಮ್ಮೆ ಭೇದಿ. ಈ ತೊಂದರೆಯನ್ನು ಹೇಳಿಕೊಂಡು ಬರುವವರು ಅನೇಕರು. ಇದರ ಕಾರಣವನ್ನು ತಿಳಿಯಬೇಕಾದರೆ ಬ್ಯಾಕ್ಟೀರಿಯಾಗಳು ಬೇರೆ ಬೇರೆ ಸಕ್ಕರೆಗಳಿಗೆ ಹೊಂದಿಕೊಳ್ಳುವ ಕ್ರಮವನ್ನು ನಾವು ಅರಿಯಬೇಕು.

ಗ್ಲೂಕೋಸ್ ಸರಳ ಸಕ್ಕರೆ. ಹಾಲಿನಲ್ಲಿರುವ ಲ್ಯಾಕ್ಟೋಸ್‌ನಲ್ಲಾದರೋ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಎಂಬ ಎರಡು ಸಕ್ಕರೆಗಳು ಬೆಸೆದುಕೊಂಡಿವೆ. ಆ ಬೆಸುಗೆಯನ್ನು ಬಿಡಿಸಲು ಪ್ರತ್ಯೇಕ ಕಿಣ್ವ ಬೇಕು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಎರಡನ್ನೂ ಒಟ್ಟಿಗೆ ಕೊಟ್ಟರೆ ಅದು ಮೊದಲು ಗ್ಲೂಕೋಸನ್ನೇ ಬಳಸುತ್ತದೆ. ಅದು ಮುಗಿದೊಡನೆ ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಬಳಿಕ ಲ್ಯಾಕ್ಟೋಸನ್ನು ಬಳಸುತ್ತ ಮತ್ತೆ ಮುಂದುವರಿಯುತ್ತದೆ. ಸಕ್ಕರೆಗಳ ಮಿಶ್ರಣದಲ್ಲಿ ಬ್ಯಾಕ್ಟೀರಿಯಾ ಹೀಗೆ ಎರಡು ಹಂತಗಳಲ್ಲಿ ಬೆಳೆಯುವುದನ್ನು ಫ್ರಾನ್ಸಿನ ವಿಜ್ಞಾನಿ ಜಾಕ್ ಮೊನೊ 1940ರ ದಶಕದ ಆರಂಭದಲ್ಲಿ ಗುರುತಿಸಿದರು.

ನಡುವಿನ ಆ ಬಿಡುವು ಸಿದ್ಧತೆಯ ಕಾಲ. ಲ್ಯಾಕ್ಟೋಸ್ ಇಲ್ಲದಿರುವಾಗ ಕಿಣ್ವವನ್ನು ತಯಾರಿಸುವ ವಂಶವಾಹಿಗಳಿಗೆ ಒಂದು ಪ್ರೋಟೀನು ತಡೆಯಾಗಿ ಅಂಟಿಕೊಂಡಿರುತ್ತದೆ. ಲ್ಯಾಕ್ಟೋಸ್ ಜೀವಕೋಶವನ್ನು ಹೊಕ್ಕಾಗ ಅದರಿಂದುಂಟಾದ ಇನ್ನೊಂದು ಸಕ್ಕರೆ ಆ ತಡೆಯನ್ನು ಸಡಿಲಿಸುತ್ತದೆ. ಆಗ ಕಿಣ್ವದ ಉತ್ಪತ್ತಿ ನೂರಾರು ಪಟ್ಟು ಹೆಚ್ಚುತ್ತದೆ. ಬೇಡವಾದುದನ್ನು ತಯಾರಿಸಿ ಶಕ್ತಿಯನ್ನು ವ್ಯಯಮಾಡದಿರುವ ಮಿತವ್ಯಯವಿದು. 1961ರಲ್ಲಿ ಈ ವ್ಯವಸ್ಥೆಯನ್ನು ವಿವರಿಸಿದ ಮೊನೊ ಮತ್ತು ಫ್ರಾನ್ಸ್ವಾ ಜಾಕೋಬ್ ಅವರು ಆಂದ್ರೆ ಲ್ವೋಫ್ ಅವರೊಡನೆ 1965ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದರು.

ನಮ್ಮ ದೇಹಕ್ಕೆ ಈ ಚುರುಕಿಲ್ಲ. ಶೈಶವದಲ್ಲಿ ಸಣ್ಣ ಕರುಳು ಲ್ಯಾಕ್ಟೇಸ್ ಕಿಣ್ವವನ್ನು ಧಾರಾಳವಾಗಿ ತಯಾರಿಸುತ್ತದೆ. ಅನೇಕರಲ್ಲಿ ಬಾಲ್ಯದ ನಂತರ ಅದು ಕುಗ್ಗುತ್ತದೆ. ಹೆಚ್ಚು ಹಾಲು ಕುಡಿದ ಮಾತ್ರಕ್ಕೆ ಅದು ಮರಳಿ ಹೆಚ್ಚದು. ಜೀರ್ಣವಾಗದ ಲ್ಯಾಕ್ಟೋಸ್ ದೊಡ್ಡ ಕರುಳನ್ನು ತಲಪಿ ಬ್ಯಾಕ್ಟೀರಿಯಾಗಳ ಆಹಾರವಾಗುತ್ತದೆ. ಅವು ಅದನ್ನು ಹುದುಗಿಸಿದಾಗ ವಾಯು ಉಂಟಾಗುತ್ತದೆ.

ಆದರೆ ಹಾಲನ್ನು ಪೂರ್ತಿಯಾಗಿ ತ್ಯಜಿಸಬೇಕಾಗಿಲ್ಲ. ದಿನವೂ ಅಲ್ಪ ಪ್ರಮಾಣದಲ್ಲಿ ಸೇವಿಸುತ್ತ ಬಂದರೆ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಸಮುದಾಯವೇ ಕ್ರಮೇಣ ಹೊಂದಿಕೊಂಡು, ಹಲವರಲ್ಲಿ ತೊಂದರೆ ತಗ್ಗುತ್ತದೆ. ಅಭ್ಯಾಸದಿಂದ ದೇಹಕ್ಕೆ ಒಗ್ಗುವುದನ್ನು ಆಯುರ್ವೇದವು ಓಕಸಾತ್ಮ್ಯವೆಂದು ಕರೆದಿದೆ. ಅರ್ಧ ಲೋಟದಷ್ಟು ಹಾಲನ್ನು ಬರಿಹೊಟ್ಟೆಯಲ್ಲಿ ಕುಡಿಯದೆ ಊಟದೊಡನೆ ಸೇವಿಸಿ, ನಿಧಾನವಾಗಿ ಹೆಚ್ಚಿಸಬಹುದು. ಮೊಸರಿನಲ್ಲಿ ಲ್ಯಾಕ್ಟೋಸ್‌ನ ಒಂದಂಶವನ್ನು ಬ್ಯಾಕ್ಟೀರಿಯಾಗಳು ಮೊದಲೇ ಬಳಸಿರುವುದರಿಂದ ಮೊಸರು, ಮಜ್ಜಿಗೆ ಹಲವರಿಗೆ ಸುಲಭವಾಗಿ ಒಗ್ಗುತ್ತವೆ.

ಒಂದು ಎಚ್ಚರಿಕೆ. ಹಾಲಿನಿಂದ ಮೈಮೇಲೆ ದದ್ದು, ಮುಖದ ಬಾವು ಅಥವಾ ಉಸಿರಾಟದ ತೊಂದರೆ ಉಂಟಾದರೆ ಅದು ಅಲರ್ಜಿಯಾಗಿರಬಹುದು. ಅಂಥವರು ಈ ಅಭ್ಯಾಸವನ್ನು ಮಾಡಬಾರದು. ಮಲದಲ್ಲಿ ರಕ್ತ, ತೂಕ ಇಳಿಯುವುದು, ನಿಲ್ಲದ ಭೇದಿ ಇದ್ದರೆ ಹಾಲಿನ ಮೇಲೆ ದೋಷ ಹೊರಿಸಿ ಸುಮ್ಮನಿರದೆ ವೈದ್ಯರನ್ನು ಕಾಣತಕ್ಕದ್ದು.